ಮೂಸಿ ಕೊಟ್ಟ ನೀರು

ಬಾಟಲಿ ಆಯುವ ಶೆಡ್ಡಿನಲ್ಲಿ ಆ ಹೆಂಗಸಿನ ಹೆಸರು ಮೂಸಕ್ಕ. ಹೆತ್ತವರು ಇಟ್ಟ ಹೆಸರು ಹಾಜರಿ ಕರೆಯುವ ಮೇಸ್ತ್ರಿಗೂ ಮರೆತುಹೋಗಿತ್ತು. ಊಟದ ಹೊತ್ತಿಗೆ ಹೆಂಗಸರೆಲ್ಲ ತಮ್ಮ ತಮ್ಮ ನೀರಿನ ಬಾಟಲಿ ಹಿಡಿದು ಅವಳ ಮುಂದೆ ಬರುತ್ತಿದ್ದರು. ಅವಳು ಮುಚ್ಚಳ ತಿರುಗಿಸಿ, ಬಾಟಲಿಯ ಬಾಯಿಗೆ ಮೂಗು ಹಚ್ಚಿ, ಒಂದು ಉಸಿರು ಎಳೆದು ವಾಪಸ್ ಕೊಡುತ್ತಿದ್ದಳು. ಅವಳು ತಲೆ ಆಡಿಸಿದ ಮೇಲೆಯೇ ಗಂಟಲಿಗೆ ನೀರು.

“ಸರಿಯಾಗಿ ನೋಡಕ್ಕ. ನಾನು ಸತ್ತರೆ ನಮ್ಮ ಮನೆಯವರು ಇನ್ನೊಬ್ಬಳನ್ನ ಕಟ್ಕೊಂಡು ಆರಾಮಾಗಿರ್ತಾರೆ. ಆ ಸುಖ ಅವರಿಗೆ ಸಿಗಬಾರದು” ಎನ್ನುತ್ತಿದ್ದಳು ಪಕ್ಕದಲ್ಲಿ ಕೂರುವವಳು. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅವಳಿಗೆ ರೇಡಿಯೋ ಎಂದು ಹೆಸರು.

ಎಲ್ಲರೂ ನಗುತ್ತಿದ್ದರು, ಮೂಸಕ್ಕನೂ ನಗುತ್ತಿದ್ದಳು. ತಾನು ಆಡುತ್ತಿರುವುದು ನಾಟಕ ಎಂದು ಅವಳೊಬ್ಬಳಿಗೆ ಗೊತ್ತಿತ್ತು. ಆ ಕಾರ್ಖಾನೆಯಲ್ಲಿ ಮನುಷ್ಯರನ್ನು ಕೊಲ್ಲುವ ದ್ರವಕ್ಕೆ ವಾಸನೆ ಇಲ್ಲ. ಅವಳ ಗಂಡ ಸತ್ತದ್ದು ಅದನ್ನೇ ಕುಡಿದು. ಆ ಬಾಟಲಿಯನ್ನು ಮೂಸಿ, ನೀರೇ ಎಂದು ಅವನ ಕೈಗೆ ಕೊಟ್ಟವಳು ಅವಳೇ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದರಿಂದ ಸತ್ತವನು ಜನರ ಬಾಯಲ್ಲಿ ಕುಡುಕನಾಗಿ ಉಳಿದುಬಿಟ್ಟಿದ್ದ.

ನಾನು ಆ ಕಾರ್ಖಾನೆಯ ಕಾರ್ಮಿಕ ಸಂಘದ ಕೆಲಸ ನೋಡುತ್ತಿದ್ದವನು. ಇಲ್ಲಿರುವುದರಲ್ಲಿ ಅರ್ಧ ನಾನು ಕಂಡದ್ದು, ಉಳಿದರ್ಧ ಅವಳು ಆಮೇಲೆ ತಾನಾಗಿಯೇ ಹೇಳಿದ್ದು.

ಬೇರೆ ಕಾರ್ಖಾನೆಗಳು ಹಳೆಯ ಬಾಟಲಿಯನ್ನು ತೊಳೆದು, ಕೊಚ್ಚಿ, ಕರಗಿಸಿ ಮಾರುತ್ತವೆ. ಇಲ್ಲಿನ ಕಾರುಬಾರು ಬೇರೆ. ಬಾಟಲಿಯನ್ನು ಚೂರು ಮಾಡಿ, ಎರಡಾಳೆತ್ತರದ ಮುಚ್ಚಿದ ಪಾತ್ರೆಗೆ ಸುರಿದು, ಗ್ಲೈಕಾಲ್ ಎಂಬ ದ್ರವದಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಪ್ಲಾಸ್ಟಿಕ್ಕಿನ ಕಟ್ಟು ಬಿಚ್ಚಿ ಅದು ಹುಟ್ಟುವ ಮುಂಚೆ ಏನಾಗಿತ್ತೋ ಅದಾಗುತ್ತದೆ. ಸೋಸಿ ತಣ್ಣಗೆ ಮಾಡಿದರೆ ಬಿಳಿ ಹರಳು. ಆ ಹರಳಿನಿಂದ ಮತ್ತೆ ಹೊಸ ಬಾಟಲಿ. ಕಂಪನಿಯವರು ಪಾತ್ರೆಗೆ ಏನೋ ದೊಡ್ಡ ಹೆಸರಿಟ್ಟಿದ್ದರು, ಕೆಲಸದವರು ಅದನ್ನು ಹಂಡೆ ಎನ್ನುತ್ತಿದ್ದರು. ನೋಡಲು ಬಂದ ದೊಡ್ಡವರಿಗೆಲ್ಲ ಮ್ಯಾನೇಜರು ಒಂದೇ ಮಾತು ಹೇಳುತ್ತಿದ್ದ: “ಇದರಿಂದ ಹೊರಗೆ ಬಂದಮೇಲೆ ಬಾಟಲಿಗೆ ತಾನು ಹಿಂದೆ ಏನಾಗಿದ್ದೆ ಅನ್ನೋ ನೆನಪೇ ಇರೋದಿಲ್ಲ.” ಮೂಸಕ್ಕ ಅದನ್ನು ನೆನೆದು ನನಗೆ ಹೇಳಿದ್ದಳು: “ಅಷ್ಟು ಚೆನ್ನಾಗಿ ಮರೆಸೋದಾದ್ರೆ ನನ್ನನ್ನೂ ಒಂದು ಸಲ ಹಾಕಿ ಕುದಿಸಬಹುದಿತ್ತು.”

ಅವಳ ಕೆಲಸ ಬೆಲ್ಟಿನ ಮುಂದೆ. ಸಾಲಾಗಿ ಬರುವ ಬಾಟಲಿಗಳಲ್ಲಿ ಸೀಮೆಎಣ್ಣೆ ತುಂಬಿಸಿದ್ದು, ಔಷಧಿ ತುಂಬಿಸಿದ್ದು, ಗಾಡಿಯ ಎಣ್ಣೆ ತುಂಬಿಸಿದ್ದು ಆರಿಸಿ ಆಚೆ ಎಸೆಯಬೇಕು, ಇಲ್ಲದಿದ್ದರೆ ಹಂಡೆಯ ಹರಳು ಹಳದಿ ತಿರುಗುತ್ತದೆ. ಉಳಿದವರು ಕಣ್ಣಿನಿಂದ ಆರಿಸಿದರೆ ಇವಳು ಮೂಗಿನಿಂದ. ಕುಡಿಯುವ ನೀರಿಗೆ ಶೆಡ್ಡಿನಲ್ಲಿ ನಲ್ಲಿ ಇರಲಿಲ್ಲ. ಗೇಟಿನ ಹತ್ತಿರದ ತೊಟ್ಟಿಯಿಂದ ತರಬೇಕು. ತರಲಿಕ್ಕೆ ಬಾಟಲಿ ಬೇಕು. ಬಾಟಲಿಗೇನು ಬರ, ಬೆಲ್ಟಿನ ಮೇಲೆ ಹೊಳೆಯಾಗಿ ಹರಿಯುತ್ತಿದ್ದವು. ಒಳ್ಳೆಯದೊಂದನ್ನು ಎತ್ತಿಕೊಂಡು ಮೂಸಕ್ಕನ ಕೈಯಲ್ಲಿ ಮೂಸಿಸಿ, ತೊಳೆದು, ನೀರು ತುಂಬಿ, ಕಿಟಕಿಯ ಕಟ್ಟೆ ಮೇಲೆ ಇಟ್ಟುಕೊಳ್ಳುವುದು ರೂಢಿ. ಆ ಕಿಟಕಿಯ ಗೋಡೆಯಾಚೆಯೇ ಹಂಡೆಮನೆ. ಅಲ್ಲಿಯವರೂ ಅಷ್ಟೇ. ಪಂಪು ಸೋರಿದರೆ ಅದಕ್ಕೆ ಹಾಕುವ ಗ್ಲೈಕಾಲನ್ನು ಪೀಪಾಯಿಯಿಂದ ಬಗ್ಗಿಸಿಕೊಳ್ಳುತ್ತಿದ್ದದ್ದು ಇದೇ ಬಾಟಲಿಗಳಿಗೆ. ಬಾಟಲಿಯ ಕಾರ್ಖಾನೆಯಲ್ಲಿ ಇನ್ಯಾವುದಕ್ಕೆ ಬಗ್ಗಿಸುತ್ತಾರೆ? ಬಣ್ಣ ಇಲ್ಲ, ವಾಸನೆ ಇಲ್ಲ. ನಾಲಿಗೆಗೆ ಹತ್ತಿದರೆ ಸಿಹಿ.

ಗಂಡ ಹಂಡೆಮನೆಯಲ್ಲಿದ್ದ. ಉದ್ದನೆಯ ಆಳು, ಮಾತು ಕಡಿಮೆ. ಅವನ ಅಪ್ಪ ಕುಡಿದು ಕುಡಿದು ಮನೆಯ ಪಾತ್ರೆ ಪಗಡೆ ಮಾರಿ, ಕೊನೆಗೆ ಚರಂಡಿಯ ಪಕ್ಕ ಸತ್ತವನು. ಅದಕ್ಕೇ ತಾಯಿ ಮಗನನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದಳು. ಅವನು ದೊಡ್ಡವನಾಗಿ ದುಡಿಯತೊಡಗಿದ ಮೇಲೂ ಸಂಜೆ ಬಾಗಿಲಲ್ಲಿ ನಿಲ್ಲಿಸಿ ಬಾಯಿ ಮೂಸುತ್ತಿದ್ದಳಂತೆ. “ನಮ್ಮ ಮನೇಲಿ ಇಬ್ಬರು ಮೂಸೋರು, ನಾನೊಬ್ಬ ಮೂಸಿಸಿಕೊಳ್ಳೋನು” ಎಂದು ಅವನು ತಮಾಷೆ ಮಾಡುತ್ತಿದ್ದ. ಅವನ ಬಾಯಿಂದ ಬಂದ ತಮಾಷೆ ಅದೊಂದೇ ಇರಬೇಕು.

ಆವತ್ತು ಶೆಕೆ. ಪಂಪಿನ ಸೋರಿಕೆ ನೋಡಲು ಬಂದ ಫಿಟ್ಟರು ಕೈಯಲ್ಲಿದ್ದ ಬಾಟಲಿಯನ್ನು ಕಿಟಕಿಯ ಕಟ್ಟೆ ಮೇಲಿಟ್ಟು ಸ್ಪ್ಯಾನರ್ ತರಲು ಹೋದ. ಹಂಡೆಯ ಕಾವಿಗೆ ಬೆಂದು ಬಂದ ಗಂಡ ಆಚೆಯಿಂದ ಕಿಟಕಿಗೆ ಮುಖ ಇಟ್ಟು, “ನೀರು ಕೊಡೇ” ಎಂದ. ಅವಳು ಕೈಗೆ ಸಿಕ್ಕ ಬಾಟಲಿ ಎತ್ತಿಕೊಂಡಳು. ಅಭ್ಯಾಸಬಲ, ಮುಚ್ಚಳ ಬಿಚ್ಚಿ ಮೂಸಿದಳು. ಏನೂ ಇಲ್ಲ. ಕೊಟ್ಟಳು. ಅವನು ಗಟಗಟ ಅರ್ಧ ಕುಡಿದು, ತುಟಿ ಒರೆಸಿಕೊಂಡು ಹೇಳಿದ:

“ಇವತ್ತು ನೀರು ಸಿಹಿಯಾಗಿದೆ ಕಣೇ. ನಿನ್ನ ಕೈಗುಣ.”

ಅವಳಿಗೆ ನಾಚಿಕೆಯಾಯಿತಂತೆ. ಮದುವೆಯಾಗಿ ಅಷ್ಟು ವರ್ಷಕ್ಕೆ ಮೊದಲ ಸಲ ಹೀಗೊಂದು ಮಾತು ಬಂತಲ್ಲ ಎಂದು ಮುಖ ತಿರುಗಿಸಿ ಬೆಲ್ಟಿನ ಕಡೆ ನೋಡಿದಳಂತೆ. ಉಳಿದರ್ಧ ಅವನು ಒಳಗೆ ಒಯ್ದು ಕುಡಿದ.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಅವನ ಕಾಲು ತೊಡರತೊಡಗಿತು, ನಾಲಿಗೆ ತೊದಲಿತು. ಆ ವಿಷದ ಗುಣವೇ ಅದು, ಮೊದಲು ಅಮಲೇರಿಸುತ್ತದೆ. ಗೇಟಿನ ಕಾವಲುಗಾರ ಎಲ್ಲರ ಮುಂದೆ ಕೂಗಿದ: “ಏನಪ್ಪಾ, ಅಪ್ಪನ ಆಸ್ತಿ ಕೊನೆಗೂ ಕೈಗೆ ಬಂತಾ?” ಮೇಸ್ತ್ರಿ ಅವನನ್ನು ಮನೆಗೆ ಅಟ್ಟಿದ. ಮನೆಯಲ್ಲಿ ತಾಯಿ ಮಗ ಓಲಾಡುತ್ತ ಬರುವುದನ್ನು ಬೀದಿಯ ತುದಿಯಿಂದಲೇ ಕಂಡಳು. ಬಾಯಿ ಮೂಸುವ ತಾಳ್ಮೆಯೂ ಅವಳಿಗೆ ಆವತ್ತು ಇರಲಿಲ್ಲ. ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಮೂಸಕ್ಕ ಕೆಲಸ ಮುಗಿಸಿ ಬಂದಾಗ ಅವನು ಹೊಸಿಲ ಮುಂದೆ ವಾಂತಿಯಲ್ಲಿ ಬಿದ್ದಿದ್ದ. ಬೆಳಿಗ್ಗೆ ಉಸಿರು ನಾಯಿಯ ಹಾಗೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಮೂತ್ರ ನಿಂತು, ಮೈ ಊದಿ, ಕೆಲವು ದಿನ ನರಳಿ ಸತ್ತ. ಒಳಗೆ ಏನು ಹೋಗಿದೆ ಎಂದು ವೈದ್ಯರಿಗೆ ಗೊತ್ತಾದಾಗ ಹೊತ್ತು ಮೀರಿತ್ತು.

ಕಂಪನಿ ಒಂದೇ ಏಟಿಗೆ ತೀರ್ಪು ಕೊಟ್ಟಿತು. ಆಸಾಮಿ ಕುಡುಕ, ಕುಡಿದೇ ಬಂದಿದ್ದ, ಸಾಲದ್ದಕ್ಕೆ ಅಮಲಿಗೆಂದು ಕಾರ್ಖಾನೆಯ ದ್ರವ ಕದ್ದು ಕುಡಿದ. ಸಾಕ್ಷಿಗೆ ಕಾವಲುಗಾರ, ಸಾಕ್ಷಿಗೆ ಅಪ್ಪನ ಚರಿತ್ರೆ. ಒಬ್ಬ ವೈದ್ಯರು ನನಗೆ ಆಮೇಲೆ ಹೇಳಿದರು, ಆ ವಿಷ ಮೈಯಲ್ಲಿ ಕೆಲಸ ಮಾಡುವುದನ್ನು ತಡೆಯಲಿಕ್ಕೆ ಸಾರಾಯಿಯ ಅಂಶವನ್ನೇ ಔಷಧಿಯಾಗಿ ಕೊಡುವುದುಂಟು ಎಂದು. ಅಂದರೆ ಅವನು ಆವತ್ತು ನಿಜವಾಗಿ ಕುಡಿದು ಬಂದಿದ್ದಿದ್ದರೆ ಬಹುಶಃ ಉಳಿಯುತ್ತಿದ್ದ. ತಾಯಿ ಅಷ್ಟು ಕಷ್ಟಪಟ್ಟು ಕಾಪಾಡಿದ್ದೇ ಅವನಿಗೆ ಮುಳುವಾಯಿತು.

ಅವನನ್ನು ಮಣ್ಣಿಗೆ ಕೊಟ್ಟು ಬಂದ ಮೇಲೆ ಫಿಟ್ಟರು ಮೂಸಕ್ಕನನ್ನು ಒಂದು ಕಡೆ ಕರೆದು ಕೇಳಿದ, “ಅಕ್ಕ, ಆವತ್ತು ಕಿಟಕಿ ಮೇಲೆ ನಾನೊಂದು ಬಾಟಲಿ ಇಟ್ಟಿದ್ದೆ. ನೀನೇನಾದ್ರೂ ನೋಡಿದ್ಯಾ?”

ಅವಳಿಗೆ ಆಗ ಗೊತ್ತಾಯಿತು. “ಇಲ್ಲಪ್ಪ” ಎಂದಳು. ಫಿಟ್ಟರು ಅವಳ ಮುಖವನ್ನೇ ನೋಡಿ ಹೋದ. ಸ್ವಲ್ಪ ದಿನಕ್ಕೆ ಕೆಲಸವನ್ನೂ ಬಿಟ್ಟು ಹೋದ. ಆ ಬಾಟಲಿಯ ಸಂಗತಿ ಗೊತ್ತಿದ್ದವರಲ್ಲಿ ಉಳಿದದ್ದು ಇವಳೊಬ್ಬಳು.

ಕದ್ದು ಕುಡಿದನೋ ತಪ್ಪಿ ಕುಡಿದನೋ, ಕುಡಿದರೆ ಸಾವು ಎಂಬುದು ಮಾತ್ರ ಹೆಂಗಸರಿಗೆ ಅರ್ಥವಾಗಿತ್ತು. ನೀರಿನ ಬಾಟಲಿಗಳು ಮೂಸಕ್ಕನ ಮುಂದೆ ಸಾಲುಗಟ್ಟಿ ನಿಲ್ಲತೊಡಗಿದ್ದು ಆಗ. ರೇಡಿಯೋ ಕಣ್ಣೊರೆಸಿಕೊಂಡು ಹೇಳುತ್ತಿದ್ದಳು, “ಅಣ್ಣ ಆವತ್ತು ಬಾಟಲಿನ ನಿನಗೆ ಒಂದು ಸಲ ತೋರಿಸಿ ಕುಡಿದಿದ್ರೆ ಇವತ್ತು ಇರ್ತಿದ್ರು ಕಣಕ್ಕ.”

ಇದನ್ನು ಕೇಳಿಕೊಂಡು ಬದುಕಬೇಕು.

ಸತ್ತ ಗಂಡ ಬರತೊಡಗಿದ್ದೂ ಆಗಲೇ. ದೆವ್ವ ಭೂತ ನಾನು ನಂಬುವವನಲ್ಲ. ಅವಳೂ ನಂಬುತ್ತಿರಲಿಲ್ಲ. “ನಂಬೋಕೆ ಬಿಡೋಕೆ ನನ್ನನ್ನೇನು ಕೇಳ್ತಾರಾ?” ಎಂದಳು. ಬಿಸಿಲು ಏರಿದಾಗ ಬೆಲ್ಟಿನ ಮೇಲಿನ ತೆಳು ಬಾಟಲಿಗಳು ಉಬ್ಬಿ ಟಕ್ ಟಕ್ ಎನ್ನುತ್ತವೆ. ಎಲ್ಲರಿಗೂ ಅದು ಬಾಟಲಿಯ ಸದ್ದು, ಅವಳಿಗೆ ಗಂಟಲಿನ ಸದ್ದು. ಮನೆಗೆ ಬಂದರೆ ನೀರಿನ ಡ್ರಮ್ಮಿನ ಪಕ್ಕದ ಮೂಲೆಯಲ್ಲಿ ಅವನು ನಿಂತಿರುತ್ತಿದ್ದ, ಕೆಲಸದ ಅಂಗಿಯಲ್ಲಿ, ತುಟಿ ಒಣಗಿಸಿಕೊಂಡು. ಬೈಯುತ್ತಿರಲಿಲ್ಲ. ಬೈದಿದ್ದರೆ ಇವಳೂ ಎದುರು ಬೈದು ಹಗುರಾಗುತ್ತಿದ್ದಳೇನೋ. ಅವಳು ಲೋಟ ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಹೇಳುತ್ತಿದ್ದ: ಸಿಹಿಯಾಗಿದೆ ಕಣೇ. ಬಾಯಲ್ಲಿನ ನೀರು ನಿಜಕ್ಕೂ ಸಿಹಿಯಾಗುತ್ತಿತ್ತು. ಉಗಿಯುತ್ತಿದ್ದಳು. ನೀರಿಗೆ ಉಪ್ಪು ಹಾಕಿಕೊಂಡು ಕುಡಿಯತೊಡಗಿದಳು. ಉಪ್ಪಿನ ಕೆಳಗಿನಿಂದಲೂ ಸಿಹಿ ಬರುತ್ತಿತ್ತು.

ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಅತ್ತೆ. ಮುದುಕಿ ಬೀದಿಯ ನಲ್ಲಿಗೆ ಹೋಗುವುದನ್ನು ಬಿಟ್ಟಿದ್ದಳು. ಹೋದರೆ, “ಗಂಡನ ಹಾದೀನೇ ಹಿಡಿದನಲ್ಲವ್ವ ಮಗ” ಎಂದು ಮರುಗುವವರು. ಆ ಮರುಕ ಅವಳಿಗೆ ಚಪ್ಪಲಿಯೇಟು. ಸೊಸೆಯ ಹತ್ತಿರ ಒಂದೇ ಮಾತು ಕೇಳುತ್ತಿದ್ದಳು, ದಿನಾ, ಊಟಕ್ಕೆ ಕೂತಾಗ:

“ಅವನು ನಿಜವಾಗಲೂ ಕುಡೀತಿದ್ನೇನೇ? ನನಗೆ ಗೊತ್ತಾಗದ ಹಾಗೆ?”

“ಇಲ್ಲ ಅತ್ತೆ.”

“ಹಾಗಾದ್ರೆ ಆವತ್ತು ಯಾಕೆ ಹಾಗೆ ಬಂದ?”

ಮೂಸಕ್ಕ ತಟ್ಟೆ ಎತ್ತಿಕೊಂಡು ಏಳುತ್ತಿದ್ದಳು. ಆ ಸಣ್ಣ ಮನೆಯಲ್ಲಿ ಒಬ್ಬಳು ಸತ್ತವನ ಮಾತು ಕೇಳಿಸಿಕೊಳ್ಳುತ್ತಿದ್ದಳು, ಇನ್ನೊಬ್ಬಳು ಸತ್ತವನ ಮೇಲಿನ ಮಾತು ಕೇಳಿಸಿಕೊಳ್ಳುತ್ತಿದ್ದಳು. ಒಬ್ಬರ ಕಿವಿಯಲ್ಲಿದ್ದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಸಂಘದಿಂದ ನಾವು ಕೇಳಿದ್ದು ದೊಡ್ಡ ಸಂಗತಿಗಳಲ್ಲ. ಶೆಡ್ಡಿಗೆ ಕುಡಿಯುವ ನೀರಿನ ನಲ್ಲಿ ಹಾಕಿಸಿ, ಗ್ಲೈಕಾಲನ್ನು ಬಾಟಲಿಗೆ ಬಗ್ಗಿಸುವುದು ನಿಲ್ಲಿಸಿ ಕಬ್ಬಿಣದ ಕ್ಯಾನು ಕೊಡಿ, ಸತ್ತವನ ಮೇಲೆ ಹೊರಿಸಿದ ಕುಡುಕ ಎಂಬ ಮಾತು ವಾಪಸ್ ತಗೊಳ್ಳಿ. ಮ್ಯಾನೇಜರು ಇವತ್ತು ನಾಳೆ ಎಂದು ತಳ್ಳುತ್ತಿದ್ದ. ಜನರಿಗೂ ಅಂಥ ಅವಸರ ಇರಲಿಲ್ಲ. ಮೆರವಣಿಗೆಗೆ ಬನ್ನಿ ಎಂದರೆ, “ನಮಗೆ ಮೂಸಕ್ಕ ಇದ್ದಾಳಲ್ಲ ಅಣ್ಣ” ಎನ್ನುವರು. ಬಿಸಿಲಲ್ಲಿ ಗಂಟಲು ಹರಿದುಕೊಳ್ಳುವುದಕ್ಕಿಂತ ಒಬ್ಬಳ ಮೂಗನ್ನು ನಂಬುವುದು ಸುಲಭ.

ಹೀಗಿರುವಾಗ ಒಂದು ಮಧ್ಯಾಹ್ನ ರೇಡಿಯೋ ಎಂದಿನಂತೆ ಬಾಟಲಿ ಚಾಚಿದಳು. ಮೂಸಕ್ಕ ಮೂಸಿದಳು. ಏನೂ ಇಲ್ಲ. ತಲೆ ಆಡಿಸಿ ವಾಪಸ್ ಕೊಟ್ಟಳು. ರೇಡಿಯೋ ಬಾಟಲಿ ಎತ್ತಿ ಬಾಯಿಗಿಡುವಾಗ ಮೂಸಕ್ಕನ ಕಿವಿಯ ಹತ್ತಿರವೇ ಗಂಡನ ದನಿ ಬಂತು: ಸಿಹಿಯಾಗಿದೆ ಕಣೇ. ಮೂಸಕ್ಕ ಹಾರಿ ಬಾಟಲಿಗೆ ಬಾರಿಸಿದಳು. ಅದು ಗೋಡೆಗೆ ಬಡಿದು ನೀರೆಲ್ಲ ನೆಲಕ್ಕೆ ಚೆಲ್ಲಿತು.

“ಏನಾಯ್ತಕ್ಕ? ವಾಸನೆ ಬಂತಾ?”

ಹೆಂಗಸರೆಲ್ಲ ಎದ್ದು ನಿಂತು ಆ ಒದ್ದೆಯನ್ನೇ ನೋಡಿದರು. ಮೇಸ್ತ್ರಿ ಬಂದು ಬಗ್ಗಿ ನೋಡಿದ. ಶೆಕೆಗೆ ನೆಲ ಬೇಗನೆ ಆರಿತು, ಜಿಡ್ಡಿಲ್ಲ, ಅಂಟಿಲ್ಲ, ಕಲೆಯಿಲ್ಲ. ಬರೀ ನೀರು.

“ಲೇ, ನಿನ್ನ ಬಾಯಿ ವಾಸನೆ ಬಂದಿರ್ಬೇಕು ಅವಳಿಗೆ” ಎಂದು ಯಾರೋ ಎಂದರು. ಶೆಡ್ಡೆಲ್ಲ ನಕ್ಕಿತು. ರೇಡಿಯೋ ನಗಲಿಲ್ಲ. “ಪರವಾಗಿಲ್ಲ ಬಿಡಕ್ಕ, ನೀನು ಇಷ್ಟು ಕಾಳಜಿ ಮಾಡ್ತೀಯಲ್ಲ” ಎಂದು ಮೂಸಕ್ಕನ ಕೈ ಹಿಡಿದುಕೊಂಡಳು. ಆಮೇಲೆ ಇನ್ನೊಂದು ಬಾಟಲಿ ತಂದು ಅದನ್ನೂ ಅವಳ ಮೂಗಿನ ಮುಂದೆಯೇ ಹಿಡಿದಳು.

“ಆ ಎರಡನೇ ಬಾಟಲಿ ಅಣ್ಣ,” ಎಂದು ಮೂಸಕ್ಕ ನನಗೆ ಹೇಳಿದಳು, “ಅದನ್ನ ನನ್ನ ಕೈಲಿ ಮೂಸೋಕೆ ಆಗಲಿಲ್ಲ.”

ಮಾತುಕತೆ ನಡೆದದ್ದು ಅದೇ ವಾರ, ಮ್ಯಾನೇಜರ ಕೋಣೆಯಲ್ಲಿ. ಅವನ ಮೇಜಿನ ಮೇಲೆ ಗಾಜಿನ ಬಟ್ಟಲಲ್ಲಿ ಬಿಳಿ ಹರಳು, ಅದರ ಪಕ್ಕ ಹೊಚ್ಚಹೊಸ ಬಾಟಲಿ. ನಮ್ಮ ಕಡೆಯಿಂದ ನಾನು, ರೇಡಿಯೋ, ಮೂಸಕ್ಕ. ಆ ಕಡೆ ಅವನು, ಮೇಸ್ತ್ರಿ, ಆಫೀಸಿನ ಒಂದಿಬ್ಬರು.

“ನೋಡಿ,” ಎಂದ ಮ್ಯಾನೇಜರು, “ನೆಟ್ಟಗಿರೋ ಯಾರಿಗೂ ಇಲ್ಲಿ ಏನೂ ಆಗಿಲ್ಲ. ಆದದ್ದು ಒಬ್ಬ ಕುಡುಕನಿಗೆ.”

“ಅವರು ಕುಡೀತಿರಲಿಲ್ಲ ಸಾರ್” ಎಂದಳು ಮೂಸಕ್ಕ.

“ಹೆಂಡತಿ ಆದವಳು ಹಾಗೇ ಹೇಳಬೇಕಮ್ಮ, ನನಗೆ ಬೇಜಾರಿಲ್ಲ. ಆದರೆ ನೀವೇ ಹೇಳಿ, ನೀವು ಬಾಟಲಿ ನೋಡಿ ಕೊಟ್ಟ ಮೇಲೆ ಯಾರಿಗಾದ್ರೂ ಏನಾದ್ರೂ ಆಗಿದೆಯಾ? ನಿಮ್ಮಂಥೋರು ಇರುವಾಗ ಕ್ಯಾನು ಯಾಕೆ, ನಲ್ಲಿ ಯಾಕೆ?”

ಅವನು ಹೊಗಳುತ್ತಿದ್ದ. ಪಕ್ಕದಲ್ಲಿ ರೇಡಿಯೋ ಕೂಡ ಹೌದು ಎಂಬಂತೆ ಗೋಣು ಆಡಿಸಿಬಿಟ್ಟಳು.

“ಆಗಿದೆ ಸಾರ್” ಎಂದಳು ಮೂಸಕ್ಕ. “ನನ್ನ ಗಂಡನಿಗೆ ಆಗಿದೆ. ಆ ಬಾಟಲಿ ಮೂಸಿ ಕೊಟ್ಟವಳು ನಾನೇ. ಕಿಟಕಿ ಮೇಲಿತ್ತು. ನೀರು ಕೇಳಿದ್ರು, ಮೂಸಿದೆ, ಕೊಟ್ಟೆ. ಅದಕ್ಕೆ ವಾಸನೆ ಇಲ್ಲ. ಇವತ್ತೂ ಇಲ್ಲ. ಇಷ್ಟು ದಿನ ನಾನು ಇವರೆಲ್ಲರ ಬಾಟಲಿ ಸುಮ್ಮನೆ ಮೂಸಿದೀನಿ.”

ರೇಡಿಯೋ ತಿರುಗಿ ಅವಳ ಮೂಗನ್ನೇ ನೋಡಿದಳು. ಮ್ಯಾನೇಜರು ಮೊದಲು ಸುಧಾರಿಸಿಕೊಂಡ. “ಹಾಗಾದ್ರೆ ತಪ್ಪು ನಿಮ್ಮದೇ ಆಯ್ತಲ್ಲಮ್ಮ.”

“ಕೊಟ್ಟಿದ್ದು ನಾನು. ಅದನ್ನ ಕುಡಿಯೋ ಬಾಟಲೀಲಿ ತುಂಬಿಸೋ ರೂಢಿ ನಂದಲ್ಲ ಸಾರ್.”

ಮರುದಿನದಿಂದ ಹೆಂಗಸರು ಬೆಲ್ಟಿನ ಮುಂದೆ ಕೂರಲಿಲ್ಲ. ಮೂಗಿನ ಮೇಲಿನ ನಂಬಿಕೆ ಹೋದ ಮೇಲೆ ಅವರನ್ನು ಕರೆಯಲು ನಾನು ಮನೆಮನೆ ಸುತ್ತಬೇಕಾಗಲಿಲ್ಲ. ಕ್ಯಾನು ಬಂತು, ನಲ್ಲಿ ಬಂತು. ಮೂಸಕ್ಕನ ಕೆಲಸ ಹೋಯಿತು. ಅದನ್ನು ಉಳಿಸಲು ನಾವು ಕೂಗಿದ್ದು ಸಾಲಲಿಲ್ಲ. ಕುಡುಕ ಎಂಬ ಮಾತನ್ನು ಕಂಪನಿ ವಾಪಸ್ ತೆಗೆದುಕೊಳ್ಳಲಿಲ್ಲ, ಸುಮ್ಮನಾಯಿತು ಅಷ್ಟೇ. ಇವೆಲ್ಲ ಆಮೇಲಿನವು. ಆವತ್ತು ಅವಳು ಮ್ಯಾನೇಜರ ಕೋಣೆಯಿಂದ ನೆಟ್ಟಗೆ ಮನೆಗೆ ನಡೆದಳು. ನಾನೂ ಜೊತೆಗೆ ಹೋದೆ. ಸುದ್ದಿ ನಮಗಿಂತ ಮುಂಚೆ ಹೋಗಿತ್ತು. ಮುದುಕಿ ಹೊಸಿಲ ಮೇಲೆ ಕೂತಿದ್ದಳು.

“ಅವನು ಕುಡಿದಿರಲಿಲ್ಲ” ಎಂದಳು.

“ಇಲ್ಲ ಅತ್ತೆ.”

“ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ದಿನಾ ಕೇಳ್ತಿದ್ದೆನಲ್ಲೇ! ಅನ್ನದ ಮುಂದೆ ಕೂತು ದಿನಾ ಕೇಳ್ತಿದ್ದೆನಲ್ಲೇ ಪಾಪಿ!”

ಮುದುಕಿ ಎದ್ದು ಸೊಸೆಯ ಕೆನ್ನೆಗೆ ಹೊಡೆದಳು. ನಾನು ನಡುವೆ ಹೋಗಲಿಲ್ಲ. ಹೋಗಬೇಕೆಂದು ಅನಿಸಲೂ ಇಲ್ಲ. ಮೂಸಕ್ಕ ಅಲುಗಾಡದೆ ನಿಂತಿದ್ದಳು. ಹೊಡೆದ ಕೈಯನ್ನೇ ಮುದುಕಿ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ, ನನಗೂ ಅಲ್ಲ ಸೊಸೆಗೂ ಅಲ್ಲ ಎಂಬಂತೆ ಹೇಳಿದಳು:

“ಆವತ್ತು ಇಲ್ಲೇ ಬಿದ್ಕೊಂಡು ನೀರು ಕೇಳಿದ. ಅವ್ವಾ, ಒಂದು ಗುಟುಕು ಅಂದ. ಕುಡ್ಕೊಂಡು ಬಂದೋನಿಗೆ ನನ್ನ ಕೈಯಿಂದ ನೀರಿಲ್ಲ ಅಂತ ಒಳಗೇ ಕೂತೆ.”

ಮುದುಕಿ ಸೆರಗು ಬಿಗಿದಳು, ಚಪ್ಪಲಿ ಮೆಟ್ಟಿದಳು, ಬೀದಿಗಿಳಿದಳು. “ಬಾ” ಎಂದಳು ಸೊಸೆಗೆ.

ಪಕ್ಕದ ಮನೆಯ ಬಾಗಿಲು ಬಡಿದಳು. ತೆರೆದವರಿಗೆ ಹೇಳಿದಳು: “ನನ್ನ ಮಗ ಕುಡುಕ ಅಲ್ಲ. ಕಾರ್ಖಾನೆ ವಿಷಾನ ನೀರು ಅಂತ ಇವಳು ಕೊಟ್ಟಳು, ಕುಡಿದ. ಕೇಳಿ ಇವಳನ್ನ.” ಮೂಸಕ್ಕ ಹಿಂದೆ ನಿಂತು, “ಹೌದು, ನಾನೇ ಕೊಟ್ಟೆ” ಎಂದಳು. ಮುಂದಿನ ಮನೆ. ಅದರ ಮುಂದಿನದು. ಕೆಲವರು ಬಾಯಿಗೆ ಕೈ ಇಟ್ಟುಕೊಂಡರು. ಕೆಲವರು ಮೂಸಕ್ಕನನ್ನು ಹೆಂಡತಿಯೋ ಮಾರಿಯೋ ಎಂಬಂತೆ ನೋಡಿದರು. ಒಬ್ಬಳು ಮುಖದ ಮೇಲೆಯೇ ಉಗಿದಳು. ಮುದುಕಿ ಕಾಯಲಿಲ್ಲ, ಸಮಾಧಾನ ಹೇಳಿಸಿಕೊಳ್ಳಲಿಲ್ಲ. ಹೇಳಿದಳು, ಸೊಸೆಯ ಬಾಯಿಂದ ಹೌದು ಎನಿಸಿದಳು, ಹೊರಟಳು.

ಆ ನಡಿಗೆಯಲ್ಲಿ ಗಂಡ ಬಂದಿದ್ದನೇ ಎಂದು ನಾನು ಬಹಳ ದಿನದ ಮೇಲೆ ಮೂಸಕ್ಕನನ್ನು ಕೇಳಿದೆ. ಇಲ್ಲ, ಆವತ್ತು ಬರಲಿಲ್ಲ ಎಂದಳು. ಮಾರನೆಯ ದಿನ ಎಂದಿನ ಹಾಗೆ ಬಂದನಂತೆ. ಹೇಳಿಬಿಟ್ಟರೆ ಹೋಗುತ್ತಾನೆ ಎಂದು ಅವಳು ಅಂದುಕೊಂಡಿರಲೂ ಇಲ್ಲ.

ಬೀದಿಯ ತಿರುವಿನಲ್ಲಿ ಕಾವಲುಗಾರನ ಮನೆ. ಅವನು ಊಟಕ್ಕೆ ಕೂತವನು ಎಂಜಲು ಕೈಯಲ್ಲೇ ಎದ್ದು ಬಾಗಿಲಿಗೆ ಬಂದ. ಮುದುಕಿ ಶುರು ಮಾಡಿದಳು, “ನನ್ನ ಮಗ ಕುಡುಕ ಅಲ್ಲ. ಇವಳು ಕೊಟ್ಟಳು, ಕುಡಿದ.” ಮೂಸಕ್ಕ, “ಹೌದು” ಎಂದಳು. ಹೊರಡಬೇಕಿತ್ತು. ಮುದುಕಿ ಹೊರಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮೂಸಕ್ಕ ಅವಳ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

“ಇವಳು ವಿಷ ಕೊಟ್ಟಳು” ಎಂದಳು ಮುದುಕಿ ಮತ್ತೆ. “ನಾನು ನೀರು ಕೊಡಲಿಲ್ಲ. ಬಾಗಿಲು ಹಾಕ್ಕೊಂಡೆ. ಇಷ್ಟು ಆಗಿದ್ದು.”

ಕಾವಲುಗಾರ ತಲೆ ತಗ್ಗಿಸಿದ. ಕೈಯಲ್ಲಿನ ಅನ್ನ ಒಣಗುತ್ತಿತ್ತು. “ಒಳಗೆ ಬನ್ನಿ ಅಮ್ಮ. ಕೂತ್ಕೊಳ್ಳಿ” ಎಂದ.

“ಕೂರೋಕೆ ಬಂದಿಲ್ಲಪ್ಪ” ಎಂದಳು ಮುದುಕಿ. “ಹಿಂದಿನ ಮನೆಗಳಿಗೆಲ್ಲ ಅರ್ಧ ಹೇಳಿದ್ದೀನಿ. ವಾಪಸ್ ಹೋಗಬೇಕು.”